ಗಡಿಯ ಸ್ಟಾಪಿನಲ್ಲಿ ಗೆದ್ದ ನಮ್ಮತ್ತೆ

ಮಲೇಷ್ಯಾದ ಪುಚೊಂಗ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಟಿಕೆಟ್ ತಪಾಸಣೆಯವನು ನಮ್ಮತ್ತೆಯನ್ನು ತಡೆದ. ಹತ್ತು ಸವಾರಿಯ ಟಿಕೆಟ್ಟನ್ನು ತಿರುಗಿಸಿ ನೋಡಿ, ಮಾತಿನ ಕೊನೆಗೊಂದು 'ಲಾ' ಸೇರಿಸುವ ಅಲ್ಲಿನ ತಮಿಳಿನಲ್ಲಿ, "ಆಂಟಿ, ಇದು ಎರಡನೇ ಝೋನ್ ಲಾ. ಎರಡು ಸವಾರಿ ಕಳೀಬೇಕಿತ್ತು, ಒಂದೇ ಕಳೆದಿದೆ" ಎಂದ. ನನ್ನ ಪಾಸು ಹಿಡಿದು ಹಿಂದೆಯೇ ಇಳಿಯುತ್ತಿದ್ದ ನಾನು ಅಲ್ಲೇ ನಿಂತೆ. ಅಂದು ಟಿಕೆಟ್ಟಿನ ಉಸ್ತುವಾರಿ ಪೂರ್ತಿ ಅತ್ತೆಯದೇ. ಎಲ್ಲೂ ಎಡವದೆ ಹೋಗಿಬಂದರೆ ಮಾತ್ರ ಇನ್ನು ಮುಂದೆ ಒಬ್ಬರೇ ಓಡಾಡಬಹುದೆಂದು ಅವರ ಮಗ, ಅಂದರೆ ನನ್ನ ಗಂಡ, ಷರತ್ತು ಹಾಕಿದ್ದರು.

ಮೈಸೂರಿನಲ್ಲಿ ಇಪ್ಪತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಅತ್ತೆ ಜಗ್ಗಲಿಲ್ಲ. ಬಾಗಿಲ ಪಕ್ಕದ ನಕ್ಷೆಯ ಮೇಲೆ ಬೆರಳಿಟ್ಟು, ತಮಿಳು ಬೆರೆಸಿದ ಕನ್ನಡದಲ್ಲೇ ಶುರುಮಾಡಿದರು: "ನೋಡಪ್ಪಾ, ಝೋನ್ ಗೆರೆ ಈ ಸ್ಟಾಪಿನ ಮೇಲೇ ಹಾದಿದೆ. ಗಡಿ ಸ್ಟಾಪು ಎರಡೂ ಕಡೆಗೆ ಸೇರತ್ತೆ. ಇದನ್ನ ದಾಟಿದ್ರೆ ತಾನೇ ಎರಡನೇದು? ಸ್ಟೇಜ್ ಲೆಕ್ಕ ನಂಗೇ ಹೇಳಿಕೊಡ್ತೀಯಾ!"

ಅವನು ಬಗ್ಗಿ ನಕ್ಷೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದ. ಆಮೇಲೆ ಟೋಪಿ ತೆಗೆದು, "ಕರೆಕ್ಟು ಆಂಟಿ, ಒಂದೇ ಸಾಕು ಲಾ. ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ?" ಎಂದು ನಕ್ಕ. ಡ್ರೈವರ್ ಖುಷಿಗೆ ಒಮ್ಮೆ ಹಾರ್ನ್ ಹೊಡೆದ.

ಮರುದಿನ ನಾನು ಚಪ್ಪಲಿ ಮೆಟ್ಟುತ್ತಿದ್ದರೆ, "ನೀನೆಲ್ಲಿಗೆ ಹೊರಟೆ?" ಎಂದು ಕೇಳಿ, ಅತ್ತೆ ಬಾಗಿಲು ಎಳೆದುಕೊಂಡು ಒಬ್ಬರೇ ಹೊರಟರು.