ಬಾಲಯೇಸುವಿಗೆ ಅಮ್ಮನ ಶಾಲು

ಅಮ್ಮ ಮೆಟ್ಟಿಲಲ್ಲಿ ಜಾರಬಹುದು, ಬಲಿಪೂಜೆಯ ನಡುವೆ ಎದ್ದು ಹೊರಡಬಹುದು, ಪ್ರವಚನ ಉದ್ದವಾಯಿತೆಂದು ಗಟ್ಟಿಯಾಗಿ ಹೇಳಿಬಿಡಬಹುದು. ಮರೆವಿನ ಕಾಯಿಲೆಯ ಅಮ್ಮನೊಡನೆ ಕ್ರಿಸ್‌ಮಸ್ ಬೆಳಗ್ಗೆ ಕುಲಶೇಖರದ ಚರ್ಚಿಗೆ ಹೊರಟಾಗ, ನನ್ನ ಚಿಂತೆಗಳು ನಮಗಿಂತ ಮೊದಲೇ ಹೋಗಿ ಬೆಂಚು ಹಿಡಿದಿದ್ದವು.

ಯಾವುದೂ ಆಗಲಿಲ್ಲ. ಪೂಜೆ ಮುಗಿದು, ಬಾಲಯೇಸುವಿನ ಪಾದಕ್ಕೆ ಮುತ್ತಿಡುವ ಸಾಲಿನಲ್ಲಿ ನಮ್ಮ ಸರದಿ ಬಂತು. ಅಮ್ಮ ಮುತ್ತಿಡದೆ ತಮ್ಮ ಶಾಲು ತೆಗೆದರು.

"ಎಂತ ಫಾದರ್, ಬರೀ ಮೈಯಲ್ಲಿ ಮಲಗಿಸಿದ್ದೀರಿ? ಮಗುವಿಗೆ ಚಳಿ ಆಗುದಿಲ್ವಾ?"

ಫಾದರ್ ನಕ್ಕು ಮೂರ್ತಿಯನ್ನು ಅವರ ಕೈಗೇ ಕೊಟ್ಟರು. "ನೀವೇ ಹೊದಿಸಿ ಬಾಯಮ್ಮ."

ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಗಲ್ಲದ ಕೆಳಗೊಂದು ಮಡಿಕೆ. ಹಸುಗೂಸಾಗಿದ್ದ ನನ್ನ ತಂಗಿಯನ್ನು ಅವರು ಹೀಗೆಯೇ ಸುತ್ತುತ್ತಿದ್ದರು. ನನ್ನ ಹೆಸರು ಈಗ ಅವರಿಗೆ ನೆನಪಿಲ್ಲ.

ಅಂದು ತಪ್ಪಿದ್ದು ಒಂದೇ. ಮಾತ್ರೆ, ನೀರು, ಕೊಡೆ ಎಲ್ಲ ಹೊತ್ತು ತಂದಿದ್ದ ನಾನು, ನನಗೊಂದು ಕರವಸ್ತ್ರ ತರಲು ಮರೆತಿದ್ದೆ.