ಕಾಗೆ ಇಳಿಯದ ತಾರಸಿ

ನಮ್ಮ ಮಾವನವರಿಗೆ ಮಾರತ್ತಹಳ್ಳಿ ಪಕ್ಕದ ಹಳೆಯ ಏರ್‌ಪೋರ್ಟಿನಲ್ಲಿ ಹಕ್ಕಿ ಓಡಿಸುವ ಕೆಲಸವಿತ್ತು. ವಿಮಾನ ಇಳಿಯುವ ಮುನ್ನ ರನ್‌ವೇ ಉದ್ದಕ್ಕೂ ಜೀಪಿನಲ್ಲಿ ಹೋಗಿ, ಪಟಾಕಿ ಸಿಡಿಸಿ, ಹದ್ದು ಕಾಗೆಗಳನ್ನು ಎಬ್ಬಿಸಬೇಕು. ಒಂದು ಹದ್ದು ಇಂಜಿನ್ನಿಗೆ ಸಿಕ್ಕರೆ ಒಳಗೆ ಕೂತವರ ಗತಿ ಏನು ಎನ್ನುತ್ತಿದ್ದರು. ಅವರ ಖಾಕಿ ಅಂಗಿಯನ್ನು ಒಗೆಯಲು ನೆನೆಸಿದರೆ ನಡುಬೇಸಿಗೆಯಲ್ಲೂ ದೀಪಾವಳಿಯ ವಾಸನೆ.

ಮನೆಯಲ್ಲೂ ಅದೇ ಡ್ಯೂಟಿ. ವಿಮಾನಗಳು ಗಾಲಿ ಇಳಿಬಿಟ್ಟುಕೊಂಡು ನಮ್ಮ ತಲೆಯ ಮೇಲೇ ಹೋಗುತ್ತಿದ್ದ ಕಾಲ. ತಾರಸಿಯಲ್ಲಿ ಒಂದು ಅಗುಳೂ ಬೀಳುವಂತಿರಲಿಲ್ಲ. ಬೀದಿ ಕೊನೆಯ ಮಟನ್ ಅಂಗಡಿಯವನ ಕಸದ ಡ್ರಮ್ಮಿಗೆ ಮುಚ್ಚಳ ಹಾಕಿಸಿದ್ದೂ ಅವರೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಾಗೆಗೆಂದು ಒಂದು ಹಿಡಿ ಅನ್ನ ಇಟ್ಟಿದ್ದೆ. "ಬೇಡ ಕಣಮ್ಮ, ಮೇಲೆ ಹೋಗೋರೂ ಯಾರ್ದೋ ಮನೆ ಮಕ್ಳು," ಎಂದಷ್ಟೇ ಹೇಳಿ ತಾವೇ ಗುಡಿಸಿದರು. ಕಾನ್ವೆಂಟಿನಲ್ಲಿ ಜೋರಾಗಿ ನಗಲೂ ಅಂಜುತ್ತಿದ್ದ ನಾನು, ಬಟ್ಟೆ ಒಣಹಾಕುವಾಗ ಕಾಗೆ ಕಂಡರೆ ಬಕೆಟ್ ಕೆಳಗಿಟ್ಟು, ಚಪ್ಪಾಳೆ ತಟ್ಟಿ "ಹುಶ್" ಎನ್ನುವುದನ್ನು ಕಲಿತೆ.

ಆಮೇಲೆ ಊರಾಚೆ ದೂರದಲ್ಲಿ ಹೊಸ ಏರ್‌ಪೋರ್ಟ್ ಆಗಿ, ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಇಲ್ಲಿ ಉಳಿದದ್ದು ಆಗೊಂದು ಈಗೊಂದು ಹೆಲಿಕಾಪ್ಟರ್. ಮಾವ ರಿಟೈರ್ ಆದರು. ಆದರೂ ಸದ್ದು ಕೇಳಿದರೆ ತಾರಸಿ ಹತ್ತಿ, ಸುತ್ತಲಿನ ನೀರಿನ ಟ್ಯಾಂಕುಗಳ ಮೇಲೆ ಹಕ್ಕಿ ಕೂತಿದೆಯೇ ಎಂದು ನೋಡುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಹನ್ನೊಂದನೇ ದಿನ ತಾರಸಿಯಲ್ಲಿ ಬಾಳೆಎಲೆಯ ಮೇಲೆ ಎಡೆ ಇಟ್ಟೆವು: ಮುದ್ದೆ, ಅವರೆಕಾಳು ಸಾರು, ವಡೆ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಅತ್ತೆ ಎಲೆಯ ಪಕ್ಕದಲ್ಲೇ ಬಿಸಿಲಿಗೆ ಕೂತಿದ್ದರು. ಗಂಟೆಯಾದರೂ ಒಂದೇ ಒಂದು ಕಾಗೆಯ ಸುಳಿವಿಲ್ಲ.

"ಅಪ್ಪ ಅಲ್ಲೂ ಪಟಾಕಿ ಹೊಡೀತಿರ್ಬೇಕು ಅತ್ತಿಗೆ," ಎಂದ ಮೈದುನ. ನಗಲು ಹೋಗಿ ಅವನೇ ಕಣ್ಣೊರೆಸಿಕೊಂಡ.

ಅತ್ತೆ ಎಲೆಗೆ ಕೈಮುಗಿದರು. "ಇವತ್ತು ನಿಮ್ಗೆ ಡ್ಯೂಟಿ ಇಲ್ಲ ಕಣ್ರೀ. ಬಿಡ್ರಿ ಅವನ್ನ, ಬರ್ಲಿ."

ಸ್ವಲ್ಪ ಹೊತ್ತಿಗೆ ಎದುರಿನ ಪಿಜಿ ಹಾಸ್ಟೆಲಿನ ಟ್ಯಾಂಕಿನ ಮೇಲೆ ಒಂದು ಕಾಗೆ ಬಂದು ಕೂತಿತು. ಅದು ನಮ್ಮ ಮೋಟುಗೋಡೆಗೆ ಇಳಿಯಿತು. ಕತ್ತು ಓರೆ ಮಾಡಿ ವಡೆ ನೋಡಿತು. ಅಷ್ಟರಲ್ಲಿ ದೂರದಿಂದ ಹೆಲಿಕಾಪ್ಟರಿನ ಸದ್ದು. ನನ್ನ ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿಬಿಟ್ಟವು. "ಹುಶ್!"

ಕಾಗೆ ಹಾರಿಹೋಯಿತು. ಮತ್ತೆ ಬರಲೇ ಇಲ್ಲ. ಮಧ್ಯಾಹ್ನ ದಾಟಿದ ಮೇಲೆ ಎಡೆಯನ್ನು ಹಸುವಿಗೆ ಕೊಟ್ಟೆವು.

ಅತ್ತೆ ಬೈಯಲಿಲ್ಲ. "ಅವ್ರಿದ್ದಿದ್ರೂ ಅದೇ ಮಾಡೋರು ಬಿಡು," ಎಂದರು, ನನ್ನ ಮುಖ ನೋಡದೆ.

ಈಗ ಅತ್ತೆ ದಿನಾ ಬೆಳಗ್ಗೆ ಪುಟ್ಟ ಬಟ್ಟಲಲ್ಲಿ ಅನ್ನ ಹಿಡಿದು ತಾರಸಿ ಹತ್ತುತ್ತಾರೆ. ಸ್ವಲ್ಪ ಹೊತ್ತು ಆಕಾಶ ನೋಡಿಕೊಂಡು ನಿಂತು, ಕೆಳಗಿಡದೆ ಹಾಗೆಯೇ ವಾಪಸ್ ತರುತ್ತಾರೆ. ನಾನು ಬಟ್ಟಲು ಇಸಿದುಕೊಂಡು, ತೊಳೆದು, ಮರುದಿನಕ್ಕೆ ಕೈಗೆ ಸಿಗುವಂತೆ ಇಡುತ್ತೇನೆ.