ಕಾಮೆಂಟೇಟರ್ ಮೌನ

ದೊಡ್ಡಬಳ್ಳಾಪುರದ ನಾಗರಾಜಣ್ಣ ವಾರವೆಲ್ಲ ಮಗ್ಗ ಓಡಿಸಿ, ಭಾನುವಾರ ಕಬಡ್ಡಿ ಪಂದ್ಯಗಳಿಗೆ ಕಾಮೆಂಟರಿ ಹೇಳುವವರು. ಅವರ ದಿನಚರಿಯ ಸಾಕ್ಷ್ಯಚಿತ್ರಕ್ಕೆಂದು ನಾನು ಕ್ಯಾಮೆರಾ ಹಿಡಿದು, ಬಾಯಿ ಬಿಡದೆ, ಐದು ದಿನ ಅವರ ಹಿಂದೆಯೇ ಸುತ್ತಿದೆ. ಮನುಷ್ಯ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಸಿಕ್ಕಿದ್ದು ಬರೀ ಮಗ್ಗದ ಸದ್ದು. ಐದನೇ ಸಂಜೆ ಸಾಕಾಗಿ, ಕ್ಯಾಮೆರಾ ಆಫ್ ಮಾಡಿ ಕೇಳಿಯೇಬಿಟ್ಟೆ: "ಯಾಕಣ್ಣ, ಮನೇಲಿ ಮಾತೇ ಆಡಲ್ವಾ?"

"ನೀವು ಸುಮ್ನಿದ್ರಲ್ಲ ಸಾರ್. ಶೂಟಿಂಗಲ್ಲಿ ಮಾತಾಡಬಾರದೇನೋ ಅಂದ್ಕೊಂಡು ನಾನೂ ಸುಮ್ನಿದ್ದೆ."

ಒಳಗಿಂದ ಅವರ ಹೆಂಡತಿ, "ಇಲ್ದಿದ್ರೆ ನಾನು ಸಾರು ಕುದಿಸೋದಕ್ಕೂ ಕಾಮೆಂಟರಿ ಹೇಳ್ತಾರೆ. ಇನ್ನೊಂದು ವಾರ ಇದ್ದು ಹೋಗಿ," ಅಂದರು.

ಆಮೇಲೆ ನಾಗರಾಜಣ್ಣ ಎರಡು ಗಂಟೆ ಮಾತಾಡಿದರು. ಎಷ್ಟು ಚೆನ್ನಾಗಿ ಮಾತಾಡಿದರು. ಅದನ್ನೇ ಶೂಟ್ ಮಾಡಬೇಕಿತ್ತು. ಕ್ಯಾಮೆರಾ ಆನ್ ಮಾಡಿದರೆ ಮತ್ತೆ ಬಾಯಿ ಮುಚ್ಚಿಬಿಡುತ್ತಾರೇನೋ ಅಂತ ಹೆದರಿ ಕೇಳುತ್ತ ಕೂತೆ.